ಒಂದೇ ಸೀಸನ್ ಬದುಕಿದ ಕ್ಲಬ್ಬಿನ ಚರಿತ್ರೆ ಬರೆಯುವುದು ಹೇಗೆ? ಬಂಗಾರಪೇಟೆಯಿಂದ ಟಾನಿಪ್ಯಾಂಡಿವರೆಗೆ

ನಮ್ಮ ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಆಗ ಲೈನ್ ಮನೆಗಳ ಹುಡುಗರೆಲ್ಲ ಸೇರಿ ಒಂದು ಫುಟ್‌ಬಾಲ್ ತಂಡ ಕಟ್ಟಿದ್ದರು. ಎರಡು ವರ್ಷ ನಡೆಯಿತು, ಆಮೇಲೆ ನಿಂತುಹೋಯಿತು. ಈಗ ಉಳಿದಿರುವುದು ಒಂದು ಫೋಟೊ ಮಾತ್ರ. ಹಿಂದಿನ ಸಾಲಿನಲ್ಲಿ ಆರು ಜನ ಕೈ ಕಟ್ಟಿ ನಿಂತಿದ್ದಾರೆ, ಮುಂದೆ ಐದು ಜನ ಬೆಂಚಿನ ಮೇಲೆ ಕೂತಿದ್ದಾರೆ, ಅವರ ಕಾಲ ಹತ್ತಿರ ಚೆಂಡು, ಚೆಂಡಿನ ಮೇಲೆ ಸೀಮೆಸುಣ್ಣದಲ್ಲಿ 1983 ಅಂತ ಬರೆದಿದೆ. ನಮ್ಮಪ್ಪ ಬಲಗಡೆಯಿಂದ ಎರಡನೆಯವರು.

ಈ ತಂಡದ ಬಗ್ಗೆ ಬರೆಯಬೇಕು ಅಂತ ಹೊರಟಾಗ ನನಗೆ ದಾರಿ ಗೊತ್ತಿರಲಿಲ್ಲ. ದಾರಿ ಸಿಕ್ಕಿದ್ದು ದೂರದ ಇನ್ನೊಂದು ಗಣಿ ಊರಿನಲ್ಲಿ. ವೇಲ್ಸ್‌ನ ಕಲ್ಲಿದ್ದಲ ಊರು ಟಾನಿಪ್ಯಾಂಡಿ. ಅಲ್ಲಿ ಮಿಡ್ ರೊಂದಾ ಅಂತ ಒಂದು ರಗ್ಬಿ ಲೀಗ್ ಕ್ಲಬ್ ಇತ್ತು. 1908ರಲ್ಲಿ ಲೀಗಿಗೆ ಸೇರಿತು, 1909ಕ್ಕೆ ಇಲ್ಲ. ಒಂದೇ ಒಂದು ಸೀಸನ್! ಅದರ ಕಥೆ ಹುಡುಕುತ್ತಾ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ರೀತಿ ಬೇರೆ ಯಾವ ಕ್ಲಬ್ಬನ್ನಾದರೂ ಹುಡುಕಬಹುದು, ಇಲ್ಲಿದ್ದಾದರೂ ಸರಿ, ಅಲ್ಲಿದ್ದಾದರೂ ಸರಿ.

ಮೊದಲು ಆಟದ ಹಿನ್ನೆಲೆ ಸ್ವಲ್ಪ ತಿಳಿದಿರಬೇಕು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ರಗ್ಬಿ ಆಡುತ್ತಿದ್ದವರಲ್ಲಿ ಗಣಿ, ಮಿಲ್ಲು, ಕಾರ್ಖಾನೆಯವರೇ ಜಾಸ್ತಿ. ಶನಿವಾರ ಆಡೋಕೆ ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಹೋದ ಕೂಲಿ ಕಟ್ಟಿಕೊಡಿ ಅಂತ ಕ್ಲಬ್‌ಗಳು ಕೇಳಿದವು, ಮೇಲಿನವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಆ ಕ್ಲಬ್‌ಗಳು ಬೇರೆಯಾದವು. ಮುಂದೆ ರಗ್ಬಿ ಲೀಗ್ ಅನ್ನಿಸಿಕೊಂಡ ನಾರ್ದರ್ನ್ ಯೂನಿಯನ್ ಹುಟ್ಟಿದ್ದು ಹಾಗೆ. 1906ರಲ್ಲಿ ಒಂದು ತಂಡಕ್ಕೆ 15 ಜನರ ಬದಲು 13 ಜನ ಅಂತಾಯಿತು. ಮಾರನೇ ವರ್ಷ ವೇಲ್ಸ್‌ನಿಂದ ಮರ್ಥರ್ ಟಿಡ್ಫಿಲ್, ಎಬ್ಬು ವೇಲ್ ಸೇರಿದವು. 1908ರಲ್ಲಿ ಇನ್ನೂ ನಾಲ್ಕು: ಅಬರ್‌ಡೇರ್, ಬ್ಯಾರಿ, ಮಿಡ್ ರೊಂದಾ, ಟ್ರೆಹರ್ಬರ್ಟ್. ಇವುಗಳಲ್ಲಿ ಮೊದಲ ಮೂರೂ ಒಂದೇ ಸೀಸನ್ನಿಗೆ ಮುಗಿದವು.

ಈಗ ಹುಡುಕುವ ಕೆಲಸ. ಎಲ್ಲಕ್ಕಿಂತ ಮೊದಲು ಹೆಸರು ಸರಿ ಮಾಡಿಕೊಳ್ಳಿ. ಹಳೇ ಪತ್ರಿಕೆಗಳಲ್ಲಿ 'ರಗ್ಬಿ ಲೀಗ್' ಅಂತ ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಯಾಕೆಂದರೆ ಸಂಸ್ಥೆಗೆ ಆ ಹೆಸರು ಬಂದದ್ದೇ 1922ರಲ್ಲಿ. 1908ರ ಪತ್ರಿಕೆಗಳಲ್ಲಿ ಅದು ನಾರ್ದರ್ನ್ ಯೂನಿಯನ್. ನಾನು ಇದು ತಿಳಿಯದೆ ಒಂದು ವಾರ ಸುಮ್ನೆ ಕಳೆದೆ. ಇನ್ನೊಂದು ತೊಂದರೆ ಅಂದರೆ, ಸ್ಕ್ಯಾನ್ ಮಾಡಿದ ಪುಟಗಳ ಅಕ್ಷರಗಳನ್ನು ಕಂಪ್ಯೂಟರ್ ಓದುವಾಗ ತಪ್ಪು ಮಾಡುತ್ತದೆ, ಸಾಲಿನ ಕೊನೆಯಲ್ಲಿ ಹೆಸರು ಎರಡು ತುಂಡಾದರಂತೂ ಆ ಪುಟ ಹುಡುಕಾಟದಲ್ಲಿ ಬರುವುದೇ ಇಲ್ಲ. ಆದ್ದರಿಂದ ಕ್ಲಬ್ಬಿನ ಹೆಸರಲ್ಲೊಂದು ಸಲ, ಊರಿನ ಹೆಸರಲ್ಲೊಂದು ಸಲ, ಎದುರಾಳಿಯ ಹೆಸರಲ್ಲೊಂದು ಸಲ ಹುಡುಕಬೇಕು.

ದುಡ್ಡು ಖರ್ಚಾಗುತ್ತದೆ ಅಂತ ಹೆದರಬೇಡಿ. ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯ 1919ರವರೆಗಿನ ಹಳೇ ಪತ್ರಿಕೆಗಳನ್ನು 'ವೆಲ್ಷ್ ನ್ಯೂಸ್‌ಪೇಪರ್ಸ್ ಆನ್‌ಲೈನ್' ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ರೊಂದಾ ಲೀಡರ್, ಅಬರ್‌ಡೇರ್ ಲೀಡರ್, ಕಾರ್ಡಿಫ್‌ನ ಈವ್ನಿಂಗ್ ಎಕ್ಸ್‌ಪ್ರೆಸ್ ಎಲ್ಲ ಅಲ್ಲಿ ಸಿಗುತ್ತವೆ. ಹಳೇ ಪತ್ರಿಕೆಗಳಿರುವ ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ ಜಾಲತಾಣಗಳು ಕೂಡ ಉಚಿತ. ಆಸ್ಟ್ರೇಲಿಯಾ ಯಾಕೆ ಅಂತೀರಾ? 1908ರಲ್ಲಿ ಆಸ್ಟ್ರೇಲಿಯಾದ ಕಾಂಗರೂ ತಂಡ ಮೊದಲ ಸಲ ಬ್ರಿಟನ್ ಪ್ರವಾಸಕ್ಕೆ ಬಂದಾಗ ಮೊದಲ ಪಂದ್ಯ ಆಡಿದ್ದೇ ಟಾನಿಪ್ಯಾಂಡಿಯಲ್ಲಿ, ಮಿಡ್ ರೊಂದಾ ಎದುರು, ಅಕ್ಟೋಬರ್ 3ರ ಶನಿವಾರ. ತಂತಿ ಸುದ್ದಿ ಚಿಕ್ಕದಾಗಿ ಬೇಗ ಬರುತ್ತಿತ್ತು, ಹಡಗಿನಲ್ಲಿ ಬಂದ ಉದ್ದದ ವರದಿ ವಾರಗಟ್ಟಲೆ ತಡವಾಗಿ ಅಚ್ಚಾಗುತ್ತಿತ್ತು. ಅದಕ್ಕೇ ಅಕ್ಟೋಬರ್ ಪತ್ರಿಕೆ ನೋಡಿ ಮುಚ್ಚಿಡಬೇಡಿ, ನವೆಂಬರ್, ಡಿಸೆಂಬರ್‌ನದ್ದೂ ತಿರುವಿ ಹಾಕಿ.

ನನಗೆ ತುಂಬಾ ಮುಖ್ಯ ಅನ್ನಿಸಿದ ಮಾತು ಇದು. ಬೇಗ ಮುಚ್ಚಿದ ಕ್ಲಬ್ ತನ್ನ ಕಾಗದಪತ್ರ ಉಳಿಸಿರುವುದಿಲ್ಲ. ಮಿನಿಟ್ಸ್ ಪುಸ್ತಕ, ಲೆಕ್ಕದ ಪುಸ್ತಕ ಕಾರ್ಯದರ್ಶಿಯ ಮನೆಯ ಅಟ್ಟ ಸೇರಿ ಗೆದ್ದಲಿಗೆ ಹೋಗಿರುತ್ತವೆ. ಆದರೆ ಅದು ಯಾರ ಜೊತೆ ಆಡಿತೋ ಅವರು ಬರೆದಿಟ್ಟಿರುತ್ತಾರೆ. ವಿಗನ್, ಓಲ್ಡಮ್ ಊರಿನವರು ತಮ್ಮ ಗೆಲುವನ್ನು ಯಾಕೆ ಮರೆಯುತ್ತಾರೆ ಹೇಳಿ? ಸೋತವರ ಕಥೆ ಗೆದ್ದವರ ಊರಿನ ಪತ್ರಿಕೆಯಲ್ಲಿ ಸಿಗುತ್ತದೆ.

ಒಂದು ದೊಡ್ಡ ನೋಟ್‌ಬುಕ್ ತೆಗೆದುಕೊಳ್ಳಿ, ಎಕ್ಸೆಲ್ ಶೀಟ್ ಆದರೂ ನಡೆಯುತ್ತದೆ. ಸೀಸನ್ನಿನ ಎಲ್ಲ ಶನಿವಾರಗಳನ್ನೂ ಮೊದಲೇ ಬರೆದುಬಿಡಿ. 1908ರ ಸೆಪ್ಟೆಂಬರ್ 5ರಿಂದ 1909ರ ಏಪ್ರಿಲ್ 24ರವರೆಗೆ ಲೆಕ್ಕ ಹಾಕಿದರೆ 34 ಶನಿವಾರ. ಒಂದೊಂದಕ್ಕೂ ಒಂದು ಸಾಲು: ಎದುರಾಳಿ ಯಾರು, ಪಂದ್ಯ ಯಾರ ಮೈದಾನದಲ್ಲಿ, ಸ್ಕೋರ್ ಎಷ್ಟು, ಎಷ್ಟು ಜನ ನೋಡಿದರು, ಯಾವ ಪತ್ರಿಕೆ, ಯಾವ ಪುಟ. ಸಿಕ್ಕಿದ್ದನ್ನು ತುಂಬಿ. ಸಿಗದಿದ್ದರೆ ಖಾಲಿ ಬಿಡಿ, ಆದರೆ ಸಾಲನ್ನು ಅಳಿಸಬೇಡಿ. ಆ ಖಾಲಿ ಸಾಲೂ ಏನೋ ಹೇಳುತ್ತದೆ. ಪಂದ್ಯ ರದ್ದಾಯಿತೇ, ತಂಡ ಹೋಗಲೇ ಇಲ್ಲವೇ, ಮಳೆಯೇ? ಮೂರು ವಾರ ಸಾಲಾಗಿ ಖಾಲಿ ಬಂದರೆ ಅಲ್ಲೇ ನಿಲ್ಲಿ, ಆ ಮೂರು ವಾರದ ಸ್ಥಳೀಯ ಪತ್ರಿಕೆಯನ್ನು ಜಾಹೀರಾತು ಸಮೇತ ಓದಿ.

ಸ್ಕೋರ್ ಬರೆಯುವಾಗ ಕೂಡಿ ನೋಡಿ. ಆಗ ಒಂದು ಟ್ರೈಗೆ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) 3 ಪಾಯಿಂಟ್, ಗೋಲಿಗೆ (ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಚೆಂಡು ಒದೆಯುವುದು) 2. ಹಾಗಾಗಿ 8 ಬರಬೇಕಾದರೆ ಎರಡು ಟ್ರೈ ಒಂದು ಗೋಲು, ಇಲ್ಲವೇ ನಾಲ್ಕು ಗೋಲು. ವರದಿಯಲ್ಲಿ ಮೂರು ಟ್ರೈ ಹೊಡೆದರು ಅಂತ ಇದ್ದು ಸ್ಕೋರ್ 8 ಅಂತ ಇದ್ದರೆ ಎಲ್ಲೋ ತಪ್ಪಾಗಿದೆ, ಇನ್ನೊಂದು ಪತ್ರಿಕೆ ನೋಡಬೇಕು. ಸ್ಕ್ಯಾನ್ ಪ್ರತಿಯಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ, ಅಲ್ಲೇ ಜಾಸ್ತಿ ಮೋಸ ಹೋಗುವುದು.

ಆಟಗಾರರ ಹೆಸರಿನ ವಿಷಯಕ್ಕೆ ಬರೋಣ. ವೇಲ್ಸ್‌ನಲ್ಲಿ ಎಲ್ಲಿ ನೋಡಿದರೂ ಜೋನ್ಸ್, ಡೇವಿಸ್, ಇವಾನ್ಸ್. ನಮ್ಮ ಕಡೆ ಮುನಿಯಪ್ಪ, ನಾರಾಯಣಸ್ವಾಮಿ, ವೆಂಕಟೇಶಪ್ಪ ಇದ್ದಹಾಗೆ! ಒಂದೇ ಬೀದಿಯಲ್ಲಿ ನಾಲ್ಕು ಜನ ಇರಬಹುದು. ಹೆಸರು ಒಂದೇ ಇದೆ ಅಂದಮಾತ್ರಕ್ಕೆ ಒಬ್ಬನೇ ಅಂತ ತಿಳಿಯಬೇಡಿ, ಆಡುತ್ತಿದ್ದ ಜಾಗ, ಹಿಂದಿನ ಕ್ಲಬ್, ಕೆಲಸ, ಮನೆ ಇವುಗಳಲ್ಲಿ ಎರಡಾದರೂ ಹೊಂದಬೇಕು. ಇನ್ನೊಂದು ಹೆಸರು ಬರುತ್ತದೆ, ಎ. ಎನ್. ಅದರ್. ಅದನ್ನು ನಾನೂ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ಅದೇ ಹೆಸರು ಬೇರೆ ಕ್ಲಬ್ಬಿನಲ್ಲೂ ಬಂದಾಗ ಗೊತ್ತಾಯಿತು, ಅದು ಮನುಷ್ಯನ ಹೆಸರಲ್ಲ, 'ಇನ್ನೊಬ್ಬ' ಅಂತ ಅರ್ಥ. ನಾರ್ದರ್ನ್ ಯೂನಿಯನ್ ಸೇರಿದ ಆಟಗಾರನನ್ನು ಹಳೇ ರಗ್ಬಿಯವರು ಮತ್ತೆ ಸೇರಿಸುತ್ತಿರಲಿಲ್ಲ. ಅದಕ್ಕೇ ಪರೀಕ್ಷೆಗೆ ಅಂತ ಒಂದು ಪಂದ್ಯ ಆಡುವವನ ನಿಜವಾದ ಹೆಸರು ಹಾಕದೆ ಹೀಗೆ ಬರೆಯುತ್ತಿದ್ದರು. ಊರಿನ ಹುಡುಗ, ಊರಿನವರೆದುರೇ ಹೆಸರಿಲ್ಲದೆ ಆಡಬೇಕು. ಅದನ್ನು ಓದಿದಾಗ ನನಗೆ ಸಂಕಟವಾಯಿತು.

ಲೀಗ್ ಪಟ್ಟಿ ಸಿಕ್ಕರೆ ಕೊನೆಯ ಸ್ಥಾನ ನೋಡಿ ತೀರ್ಪು ಕೊಡಬೇಡಿ. ಆಗ ಎಲ್ಲ ಕ್ಲಬ್‌ಗಳೂ ಒಂದೇ ಸಂಖ್ಯೆಯ ಪಂದ್ಯ ಆಡುತ್ತಿರಲಿಲ್ಲ, ಸ್ಥಾನ ಹಾಕುತ್ತಿದ್ದುದು ಶೇಕಡಾ ಲೆಕ್ಕದಲ್ಲಿ. ಒಂದು ಗೆಲುವಿಗೆ 2 ಪಾಯಿಂಟ್. ಉದಾಹರಣೆಗೆ 18 ಪಂದ್ಯದಲ್ಲಿ 5 ಗೆದ್ದ ತಂಡ, 36 ಪಾಯಿಂಟ್‌ನಲ್ಲಿ 10, ಅಂದರೆ ಶೇಕಡಾ ಸುಮಾರು 28. ಇನ್ನೊಂದು ತಂಡ 32 ಆಡಿ 9 ಗೆದ್ದರೆ 64ಕ್ಕೆ 18, ಅದೂ ಸುಮಾರು 28. ಪಾಯಿಂಟ್ ನೋಡಿದರೆ ಎಷ್ಟೋ ವ್ಯತ್ಯಾಸ, ಆಟ ನೋಡಿದರೆ ಇಬ್ಬರೂ ಒಂದೇ. ಆದ್ದರಿಂದ ಎಷ್ಟು ಪಂದ್ಯ ಆಡಿದರು ಅನ್ನುವುದನ್ನು ಬಿಡದೆ ಬರೆಯಿರಿ.

ಕ್ಲಬ್ ಯಾಕೆ ಮುಚ್ಚಿತು ಅಂತ ಕೇಳುವ ಮೊದಲು ಯಾಕೆ ಶುರುವಾಯಿತು ಅಂತ ಕೇಳಿ. 1908ರ ಜನವರಿ 1ರಂದು ಅಬರ್‌ಡೇರ್‌ನಲ್ಲಿ ವೇಲ್ಸ್ ತಂಡ ನ್ಯೂಜಿಲೆಂಡನ್ನು 9–8ರಿಂದ ಸೋಲಿಸಿತು, ಈ ಆಟದಲ್ಲಿ ವೇಲ್ಸ್ ಆಡಿದ ಮೊದಲ ಅಂತರರಾಷ್ಟ್ರೀಯ ಪಂದ್ಯವೇ ಅದು. ಏಪ್ರಿಲ್ 20ರಂದು ಟಾನಿಪ್ಯಾಂಡಿಯಲ್ಲೇ ಇಂಗ್ಲೆಂಡನ್ನು 35–18ರಿಂದ ಸೋಲಿಸಿದರು. ಇಷ್ಟು ನೋಡಿದ ಊರಿನವರಿಗೆ ನಮಗೂ ಒಂದು ಕ್ಲಬ್ ಬೇಕು ಅನ್ನಿಸದೆ ಇರುತ್ತದೆಯೇ? ಆಸೆ ಎಲ್ಲಿಂದ ಬಂತು ಅಂತ ತೋರಿಸಿದರೆ ಮಾತ್ರ ಅದು ಮುಗಿದದ್ದು ಓದುವವರ ಮನಸ್ಸಿಗೆ ತಟ್ಟುತ್ತದೆ. ಆಮೇಲೆ ಖರ್ಚು ನೋಡಿ. ಲೀಗಿನ ಕ್ಲಬ್‌ಗಳಲ್ಲಿ ಜಾಸ್ತಿ ಇದ್ದದ್ದು ಇಂಗ್ಲೆಂಡಿನ ಉತ್ತರದ ಯಾರ್ಕ್‌ಷೈರ್, ಲ್ಯಾಂಕಾಷೈರ್‌ನಲ್ಲಿ. 13 ಜನರನ್ನು ರೈಲಿನಲ್ಲಿ ಅಷ್ಟು ದೂರ ಕಳಿಸಬೇಕು, ಕೂಲಿ ಕಟ್ಟಿಕೊಡಬೇಕು. ಸೋಲುತ್ತಾ ಹೋದ ಹಾಗೆ ಗೇಟ್ ಕಲೆಕ್ಷನ್ ಇಳಿಯುತ್ತದೆ. ನಿಮ್ಮ ಶನಿವಾರದ ಪಟ್ಟಿಯಲ್ಲಿ ದೂರದ ಪಂದ್ಯಗಳು ಯಾವ ತಿಂಗಳಲ್ಲಿ ಗುಂಪಾಗಿವೆ, ಜನ ಯಾವಾಗಿಂದ ಕಡಿಮೆಯಾದರು ಅಂತ ಪಕ್ಕಪಕ್ಕ ಇಟ್ಟು ನೋಡಿ.

ಇಲ್ಲೊಂದು ಎಚ್ಚರಿಕೆ. ಟಾನಿಪ್ಯಾಂಡಿ ಅಂದರೆ ಎಲ್ಲರಿಗೂ ನೆನಪಾಗುವುದು ಗಣಿ ಮುಷ್ಕರ, ಗಲಭೆ. ಅದರಿಂದಲೇ ಕ್ಲಬ್ ಮುಚ್ಚಿರಬೇಕು ಅಂತ ಬರೆದುಬಿಡುವುದು ಬಹಳ ಸುಲಭ. ಆದರೆ ಗಲಭೆ ಆದದ್ದು 1910ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಕ್ಲಬ್ ಲೀಗ್ ಬಿಟ್ಟು ವರ್ಷವೇ ಕಳೆದಿತ್ತು! ದೊಡ್ಡ ಘಟನೆಯ ತಲೆಗೆ ಚಿಕ್ಕ ಕ್ಲಬ್ಬಿನ ಸಾವನ್ನು ಕಟ್ಟುವ ಮೊದಲು ತಾರೀಖು ನೋಡಲೇಬೇಕು.

ಮುಚ್ಚಿದ ಮೇಲೆ ಏನಾಯಿತು ಅನ್ನುವುದನ್ನೂ ಹುಡುಕಿ. ನಾರ್ದರ್ನ್ ಯೂನಿಯನ್ನಿನ ಮೊಟ್ಟಮೊದಲ ಚಾಂಪಿಯನ್ ಮ್ಯಾನಿಂಗಮ್, 1903ರಲ್ಲಿ ರಗ್ಬಿಯನ್ನೇ ಬಿಟ್ಟು ಫುಟ್‌ಬಾಲ್ ಕ್ಲಬ್ ಆಯಿತು. ಬ್ರಾಡ್‌ಫೋರ್ಡ್ ಸಿಟಿ ಅಂತ ಇವತ್ತಿಗೂ ಆಡುತ್ತಿದೆ. ಟಾನಿಪ್ಯಾಂಡಿಯಲ್ಲೂ 1912ರಲ್ಲಿ ಮಿಡ್ ರೊಂದಾ ಹೆಸರಿನದೇ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಆಟ ಬೇರೆ, ಹೆಸರು ಅದೇ. ಹುಡುಕುವಾಗ ಇವೆರಡೂ ಒಂದಕ್ಕೊಂದು ಬೆರೆತುಹೋಗದ ಹಾಗೆ ನೋಡಿಕೊಳ್ಳಿ.

ಇದೇ ಲೆಕ್ಕವನ್ನು ನಾನು ಅಪ್ಪನ ತಂಡಕ್ಕೂ ಹಾಕಿದೆ. ಯಾರನ್ನು ಕೇಳಿದರೂ "ಗಣಿ ಮುಚ್ಚಿತಲ್ಲಪ್ಪ, ತಂಡಾನೂ ಮುಚ್ಚಿತು" ಅನ್ನುತ್ತಿದ್ದರು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ಚೆಂಡಿನ ಮೇಲಿರುವುದು 1983, ತಂಡ ಇದ್ದದ್ದು ಎರಡೇ ವರ್ಷ. ಹೊಂದುವುದೇ ಇಲ್ಲ ಅಲ್ವಾ? ಹಳೇ ದಾಖಲೆ ಕೇಳಿಕೊಂಡು ಒಂದು ಕಚೇರಿಗೆ ಮೂರು ಸಲ ಅಲೆದೆ, ಏನೂ ಸಿಗಲಿಲ್ಲ. ಆಗ ಟಾನಿಪ್ಯಾಂಡಿಯ ಪಾಠ ನೆನಪಾಗಿ ಎದುರಾಳಿಗಳನ್ನು ಹುಡುಕಿದೆ. ಆಂಡರ್ಸನ್‌ಪೇಟೆಯಲ್ಲಿ ಅಪ್ಪನ ತಂಡದ ವಿರುದ್ಧ ಆಡಿದ್ದ ಒಬ್ಬ ಹಿರಿಯರು ಸಿಕ್ಕರು. ಫೋಟೊ ತೋರಿಸಿದ ತಕ್ಷಣ ನಡುಗುವ ಬೆರಳಿಟ್ಟು ಹಿಂದಿನ ಸಾಲಿನ ಗೋಲ್‌ಕೀಪರನ್ನು ತೋರಿಸಿದರು. "ಇವನಿಗೂ ಇನ್ನಿಬ್ಬರಿಗೂ ನೈಟ್ ಶಿಫ್ಟ್ ಹಾಕಿಬಿಟ್ಟರು ಮಗಾ, ಆಮೇಲೆ ಇವರು ಬರಲೇ ಇಲ್ಲ, ಎರಡು ಭಾನುವಾರ ನಾವು ಸುಮ್ನೆ ಕಾದು ಮನೆಗೆ ಹೋದೆವು" ಅಂದರು.

ಆ ಎರಡು ಭಾನುವಾರಗಳ ಸಾಲು ನನ್ನ ನೋಟ್‌ಬುಕ್ಕಿನಲ್ಲಿ ಅಲ್ಲಿಯವರೆಗೆ ಖಾಲಿ ಇತ್ತು. ಈಗ ಸ್ಕೋರ್ ಬರೆಯುವ ಜಾಗದಲ್ಲಿ 'ಬರಲಿಲ್ಲ, ನೈಟ್ ಶಿಫ್ಟ್' ಅಂತ ಬರೆದಿದ್ದೇನೆ. ಮುಂದಿನ ವಾರ ಆ ಹಿರಿಯರ ಜೊತೆ ಆಡುತ್ತಿದ್ದ ಇನ್ನೊಬ್ಬರನ್ನು ನೋಡಲು ಮಾರಿಕುಪ್ಪಂಗೆ ಹೋಗಬೇಕು, ಅವರ ಹತ್ತಿರ ಒಂದು ರಸೀದಿ ಪುಸ್ತಕ ಇದೆಯಂತೆ.