ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಬೆಕ್ಕು ಸಾಕುವ ಬಗೆ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದೆ. ಎಡಕ್ಕೆ ನನ್ನ ಹೆಸರು, ಬಲಕ್ಕೆ ನನ್ನ ಗಂಡನ ಹೆಸರು. ಬೆಳಗಿನ ಊಟ, ನೀರು, ಬಾಲ್ಕನಿ ಬಾಗಿಲು ನನ್ನ ಪಾಲು. ಲಿಟರ್ ಟ್ರೇ (ಬೆಕ್ಕಿನ ಮಲಮೂತ್ರಕ್ಕೆ ಮಣ್ಣು ತುಂಬಿಟ್ಟ ತಟ್ಟೆ), ರಾತ್ರಿಯ ಆಟ, ರಾತ್ರಿಯ ಊಟ ಅವರ ಪಾಲು. ಹೊಸದಾಗಿ ಮದುವೆಯಾಗಿ, ಬೆಕ್ಕೊಂದನ್ನು ತರೋಣವೇ ಎಂದು ಯೋಚಿಸುತ್ತಿರುವವರಿಗೆ ನಾನು ಮೊದಲು ಹೇಳುವುದು ಈ ಹಾಳೆಯ ವಿಷಯ. ಬುಟ್ಟಿ, ಬಟ್ಟಲು, ಆಟಿಕೆಗಳೆಲ್ಲ ಆಮೇಲೆ. ನಾವು ಇದನ್ನು ಬರೆದದ್ದು ನಮ್ಮ ಜೀರಿಗೆ ಎರಡನೆಯ ಮಹಡಿಯಿಂದ ಬಿದ್ದ ಮರುದಿನ.

ಜೀರಿಗೆ ನಮ್ಮ ಬೆಕ್ಕು. ಮೈಮೇಲೆ ಜೀರಿಗೆ ಚೆಲ್ಲಿದಂತೆ ಕಂದು ಗೀರುಗಳಿವೆ, ಅದಕ್ಕೇ ಆ ಹೆಸರು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನನ್ನ ಗಂಡ ಕೆಲಸ ಮಾಡುವ ಕಡೆ, ಸ್ಕೂಟರ್ ನಿಲ್ಲಿಸುವ ಶೆಡ್ಡಿನಲ್ಲಿ ಅಂಗೈಯಗಲದ ಮರಿಯಾಗಿ ಸಿಕ್ಕಿತು. ನಾವಿರುವುದು ಮೈಸೂರಿನಲ್ಲಿ, ಬಾಡಿಗೆ ಮನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಬೆಳಿಗ್ಗೆ ಎಂಟೂಕಾಲಿಗೆ ಮನೆ ಬಿಡುತ್ತೇನೆ. ಅವರದು ಮಧ್ಯಾಹ್ನದ ಪಾಳಿ, ಮನೆ ಸೇರುವಾಗ ರಾತ್ರಿ ಹನ್ನೊಂದಾಗುತ್ತದೆ. ಆ ಭಾನುವಾರ ನಾನು ಬಟ್ಟೆ ಒಣಹಾಕಿ ಒಳಗೆ ಬಂದೆ. ಬಾಗಿಲನ್ನು ಅವರು ಹಾಕಿದ್ದಾರೆಂದು ನಾನು, ನಾನು ಹಾಕಿದ್ದೇನೆಂದು ಅವರು. ಕಟ್ಟೆಯ ಮೇಲೆ ಕೂತಿದ್ದ ಕಾಗೆಗೆ ಜೀರಿಗೆ ಹಾರಿತು. ಗದ್ದ ಸೀಳಿತ್ತು, ಒಂದು ಕೋರೆಹಲ್ಲು ಮುರಿದಿತ್ತು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ, ಅದಕ್ಕೇನೂ ಆಗುವುದಿಲ್ಲ ಎಂಬ ಮಾತನ್ನು ನಾನೂ ನಂಬಿದ್ದೆ. ಗಾಳಿಯಲ್ಲಿ ಮೈ ತಿರುಗಿಸಿಕೊಳ್ಳುವುದು ನಿಜ. ಆದರೆ ಎತ್ತರದಿಂದ ಬಿದ್ದ ರಭಸವನ್ನು ಕಾಲುಗಳು ತಡೆಯಲಾರವು; ದವಡೆ ಮತ್ತು ಎದೆ ನೆಲಕ್ಕೆ ಬಡಿಯುತ್ತವೆ. ಜೀರಿಗೆ ಬದುಕಿತು. ಎಲ್ಲ ಬೆಕ್ಕುಗಳೂ ಬದುಕುವುದಿಲ್ಲ.

ಆದ್ದರಿಂದ ಮರಿ ಮನೆಗೆ ಬರುವ ಮೊದಲೇ ಬಾಲ್ಕನಿಗೂ ಕಿಟಕಿಗಳಿಗೂ ಬಲೆ ಹಾಕಿಸಿ. ಪಾರಿವಾಳ ತಡೆಯಲು ನಗರಗಳಲ್ಲಿ ಹಾಕುವ ನೈಲಾನ್ ಬಲೆ ಸಾಕು, ಆದರೆ ಕೆಳಗಿನ ಅಂಚನ್ನು ಬಿಗಿಯಾಗಿ ಕೊಕ್ಕೆಗೆ ಸಿಕ್ಕಿಸಬೇಕು. ಬೆಕ್ಕಿನ ತಲೆ ತೂರಿದಲ್ಲಿ ಮೈಯೂ ತೂರುತ್ತದೆ. ಮನೆಯ ಮಾಲೀಕರಿಗೆ ಮುಂಚೆಯೇ ಹೇಳಿ. ಮುಚ್ಚಿಟ್ಟು ಸಾಕಿ, ಆಮೇಲೆ ಗೊತ್ತಾಗಿ, ಮನೆ ಬೇಕೋ ಬೆಕ್ಕು ಬೇಕೋ ಎಂಬ ಪ್ರಶ್ನೆ ಬಂದಾಗ ಬೀದಿಗೆ ಬೀಳುವುದು ಬೆಕ್ಕೇ. ಮನೆಯೊಳಗೇ ಬೆಳೆದ ಬೆಕ್ಕು ಹನ್ನೆರಡು, ಹದಿನೈದು ವರ್ಷ ಬದುಕುತ್ತದೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡುಮಾಡಿ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಎಂಬುದೂ ಇಬ್ಬರಿಗೂ ತಿಳಿದಿರಲಿ.

ಬಂದ ಮರಿಗೆ ಇಡೀ ಮನೆ ತೋರಿಸಬೇಡಿ. ಮೊದಲ ನಾಲ್ಕೈದು ದಿನ ಒಂದೇ ಕೋಣೆ. ಒಂದು ಮೂಲೆಯಲ್ಲಿ ಊಟ ಮತ್ತು ನೀರು, ಎದುರು ಮೂಲೆಯಲ್ಲಿ ಲಿಟರ್ ಟ್ರೇ, ನಡುವೆ ಅಡಗಲು ಒಂದು ರಟ್ಟಿನ ಪೆಟ್ಟಿಗೆ. ಜೀರಿಗೆ ಎರಡು ದಿನ ಬೀರುವಿನ ಕೆಳಗಿಂದ ಹೊರಬರಲಿಲ್ಲ. ನನ್ನ ಗಂಡ ನೆಲದ ಮೇಲೆ ಕೂತು ಗಟ್ಟಿಯಾಗಿ ದಿನಪತ್ರಿಕೆ ಓದುತ್ತಿದ್ದರು, ಅಷ್ಟೇ. ಮೂರನೆಯ ದಿನ ಅದು ತಾನಾಗಿ ಬಂದು ಪತ್ರಿಕೆಯ ಮೇಲೆ ಕೂತಿತು. ಹಿಡಿದೆಳೆಯದಿದ್ದರೆ ಬೆಕ್ಕು ಬರುತ್ತದೆ.

ಇನ್ನು ಊಟ. ಇದರ ಬಗ್ಗೆ ನನಗೆ ಹೇಳುವುದು ಬಹಳವಿದೆ, ಏಕೆಂದರೆ ನಮ್ಮ ಮನೆಯಲ್ಲಿ ಗಟ್ಟಿ ಜಗಳವಾದದ್ದು ಇದಕ್ಕೇ. ನಾನು ತೀರ್ಥಹಳ್ಳಿ ಕಡೆಯ ಸಸ್ಯಾಹಾರಿ ಮನೆಯವಳು, ಅವರು ಕುಂದಾಪುರದವರು. ನನ್ನ ತವರುಮನೆಯಲ್ಲಿ ಬೆಕ್ಕಿಗೆ ಹಾಕುತ್ತಿದ್ದದ್ದು ಹಾಲು ಅನ್ನ, ತಪ್ಪಿದರೆ ಮೊಸರನ್ನ. ಅದನ್ನೇ ತಿಂದು ಅವು ಗುಂಡಗೆ ಇರುತ್ತಿದ್ದವು, ಇದಕ್ಕೇಕೆ ಸಾಲದು ಎಂದು ನಾನು ಪಟ್ಟುಹಿಡಿದೆ. ಪಶುವೈದ್ಯರು ಒಂದೇ ಪ್ರಶ್ನೆ ಕೇಳಿದರು: “ಆ ಬೆಕ್ಕುಗಳು ರಾತ್ರಿ ಎಲ್ಲಿರುತ್ತಿದ್ದವು?” ಅಡಿಕೆ ತೋಟದಲ್ಲಿ, ಕೊಟ್ಟಿಗೆಯ ಅಟ್ಟದ ಮೇಲೆ. ಇಲಿ, ಓತಿಕ್ಯಾತ, ಹಲ್ಲಿ, ಮಿಡತೆ ಹಿಡಿದು ತಿಂದು ಬೆಳಿಗ್ಗೆ ನಮ್ಮಲ್ಲಿ ಹಾಲು ಅನ್ನಕ್ಕೆ ಬರುತ್ತಿದ್ದವು. ಎರಡನೆಯ ಮಹಡಿಯ ಮನೆಯಲ್ಲಿ ಇಲಿ ಎಲ್ಲಿ? ಬೆಕ್ಕು ಮಾಂಸವಿಲ್ಲದೆ ಬದುಕಲಾರದ ಪ್ರಾಣಿ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸ ಮೀನುಗಳಿಂದಲೇ ಸಿಗಬೇಕು. ಸಿಗದಿದ್ದರೆ ನಿಧಾನವಾಗಿ ಕಣ್ಣು ಹೋಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಹಾಲಂತೂ ಬಹುತೇಕ ದೊಡ್ಡ ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ.

ಹೀಗಾಗಿ ಒಂದು ಒಪ್ಪಂದಕ್ಕೆ ಬಂದೆವು. ಬೆಳಿಗ್ಗೆ ನಾನು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರ ಹಾಕುತ್ತೇನೆ. ಇದರಲ್ಲಿ ಟಾರಿನ್ ಸೇರಿಸಿರುತ್ತಾರೆ, ಪೊಟ್ಟಣದ ಮೇಲೆ ನೋಡಿಕೊಳ್ಳಿ. ನಾಯಿಯ ಆಹಾರ ಅಗ್ಗವೆಂದು ಅದನ್ನೇ ಹಾಕಬೇಡಿ, ಬೆಕ್ಕಿಗೆ ಅದು ಸಾಲದು. ರಾತ್ರಿ ಅವರು ಬೇಯಿಸಿದ ಕೋಳಿಯನ್ನೋ ಬಂಗುಡೆಯನ್ನೋ ಮುಳ್ಳು ಬಿಡಿಸಿ, ಒಣ ಆಹಾರದ ಜೊತೆ ಒಂದೆರಡು ಚಮಚ ಹಾಕುತ್ತಾರೆ. ಉಪ್ಪು, ಮಸಾಲೆ ಏನೂ ಇಲ್ಲ. ಅದಕ್ಕೆ ಬೇರೆ ಪಾತ್ರೆ, ಬೇರೆ ಚಾಕು, ಬಾಲ್ಕನಿಯಲ್ಲೊಂದು ಇಂಡಕ್ಷನ್ ಒಲೆ. ನನ್ನ ಅಡುಗೆಮನೆ ನನ್ನದಾಗಿಯೇ ಉಳಿಯಿತು, ಬೆಕ್ಕಿನ ಹೊಟ್ಟೆಯೂ ತುಂಬಿತು. ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕು ಸಾಕುವವರು ಕೊನೆಯಪಕ್ಷ ಒಣ ಆಹಾರಕ್ಕಾದರೂ ಮನಸ್ಸು ಒಪ್ಪಿಸಿಕೊಳ್ಳಬೇಕು. ಅಷ್ಟೂ ಆಗದು ಎನ್ನುವವರು ಬೆಕ್ಕನ್ನಂತೂ ತರಬೇಡಿ.

ಅಳತೆ ಮುಖ್ಯ. ಮೊದಮೊದಲು ನಾನೂ ಹಾಕಿ, ಅವರೂ ಹಾಕಿ, ಜೀರಿಗೆಯ ಹೊಟ್ಟೆ ನೆಲ ಮುಟ್ಟುವಂತಾಗಿತ್ತು. ಈಗ ನಾಲ್ಕು ಕಿಲೋ ತೂಗುವ ಅದಕ್ಕೆ ದಿನಕ್ಕೆ ಸುಮಾರು 50 ಗ್ರಾಂ ಒಣ ಆಹಾರವನ್ನು ಬೆಳಿಗ್ಗೆಯೇ ತೂಗಿ ಡಬ್ಬಿಗೆ ಹಾಕುತ್ತೇನೆ. ಆ ದಿನದ್ದೆಲ್ಲ ಅದರೊಳಗಿನಿಂದಲೇ. ಡಬ್ಬಿ ಖಾಲಿಯಾಗಿದ್ದರೆ ಎಷ್ಟೇ ಕೂಗಿದರೂ ಇಲ್ಲ.

ನಮ್ಮ ಮನೆಗಳಲ್ಲಿ ಬೆಕ್ಕಿಗೆ ವಿಷವಾಗುವ ವಸ್ತುಗಳು ಕಣ್ಣೆದುರಿಗೇ ಇರುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ವಿಷ ಹೋಗುವುದಿಲ್ಲ. ಸಾರಿನ ತಟ್ಟೆ ನೆಕ್ಕಲು ಬಿಡಬೇಡಿ. ಜ್ವರ ಬಂದ ಹಾಗಿದೆಯೆಂದು ಪ್ಯಾರಾಸಿಟಮಾಲ್ ಚೂರು ಕೊಟ್ಟರೆ ಬೆಕ್ಕು ಸಾಯುತ್ತದೆ. ಫಿನಾಯಿಲ್ ಹಾಕಿ ನೆಲ ಒರೆಸುವುದನ್ನು ನಾನು ಪೂರ್ತಿ ನಿಲ್ಲಿಸಿದೆ: ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಒಡೆದು ಹೊರಹಾಕಲಾರದು, ಒರೆಸಿದ ನೆಲದಲ್ಲಿ ಓಡಾಡಿ ಪಾದ ನೆಕ್ಕಿದರೆ ಅದು ಹೊಟ್ಟೆಗೇ ಹೋಗುತ್ತದೆ. ನಾವು ಬಿಸಿನೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ ಒರೆಸಿ, ಮತ್ತೆ ಬರೀ ನೀರಿನಿಂದ ಒರೆಸುತ್ತೇವೆ. ಬೀರುವಿನ ನುಸಿಗುಳಿಗೆ ತೆಗೆದುಹಾಕಿ. ಹೂಗುಚ್ಛದಲ್ಲಿ ಲಿಲ್ಲಿ ಹೂವಿದ್ದರೆ ಒಳಗೆ ತರಬೇಡಿ, ಅದರ ಪರಾಗ ನೆಕ್ಕಿದರೂ ಮೂತ್ರಪಿಂಡ ಹಾಳಾಗುತ್ತದೆ. ನಾಯಿಗೆ ಉಣ್ಣೆಹುಳ ಹೋಗಲು ಹಾಕುವ ಔಷಧ ಬೆಕ್ಕಿಗೆ ಬೇಡವೇ ಬೇಡ. ಬಟ್ಟೆ ಒಗೆಯುವ ಯಂತ್ರದ ಗುಂಡಿ ಒತ್ತುವ ಮೊದಲು ಒಳಗೆ ಕೈಯಾಡಿಸಿ ನೋಡಿ.

ಲಿಟರ್ ಟ್ರೇ ಬಗ್ಗೆ ಹೇಳುವುದು ಕಡಿಮೆ. ಒಂದು ಬೆಕ್ಕಿಗೆ ಎರಡು ಟ್ರೇ ಇದ್ದರೆ ಒಳ್ಳೆಯದು, ಎರಡೂ ಗಲಾಟೆಯಿಲ್ಲದ ಜಾಗದಲ್ಲಿರಲಿ. ಮಣ್ಣು ಎರಡು ಮೂರು ಅಂಗುಲ ಆಳ ಇರಲಿ. ದಿನಕ್ಕೆ ಒಂದು ಸಲವಾದರೂ ಮಲವನ್ನೂ ಗಟ್ಟಿಯಾದ ಉಂಡೆಗಳನ್ನೂ ಎತ್ತಲೇಬೇಕು. ಹಾಸಿಗೆಯ ಮೇಲೆ ಉಚ್ಚೆ ಹೊಯ್ದರೆ ಸೇಡು ಎಂದುಕೊಳ್ಳಬೇಡಿ. ಟ್ರೇ ಕೊಳಕಾಗಿದೆ, ಇಲ್ಲವೇ ಬೆಕ್ಕಿಗೆ ನೋವಿದೆ. ಗಂಡು ಬೆಕ್ಕು ಟ್ರೇಗೆ ಹೋಗಿ ಹೋಗಿ ಉಚ್ಚೆ ಹೊಯ್ಯಲಾಗದೆ ಕೂಗುತ್ತಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗುತ್ತದೆ.

ಸೋಫಾ ಕೆರೆಯುವುದಕ್ಕೆ ಬೈದು ಫಲವಿಲ್ಲ, ಕೆರೆಯುವುದು ಅದರ ಅಗತ್ಯ. ಮೂರಡಿ ಉದ್ದದ ಮರದ ತುಂಡಿಗೆ ತೆಂಗಿನ ನಾರಿನ ಹಗ್ಗ ಒತ್ತೊತ್ತಾಗಿ ಸುತ್ತಿ, ಅಲ್ಲಾಡದಂತೆ ಸೋಫಾದ ಪಕ್ಕದಲ್ಲೇ ನಿಲ್ಲಿಸಿ. ಮಾವ ಊರಿಂದ ತಂದುಕೊಟ್ಟ ಹಗ್ಗ ಎರಡು ವರ್ಷ ಬಾಳಿದೆ.

ನಿದ್ದೆಗೆಡಿಸುವ ಬೆಕ್ಕಿಗೆ ಗಡಿಯಾರವೇ ಮದ್ದು. ಬೆಕ್ಕು ಮುಂಜಾವಿನಲ್ಲೂ ಮುಸ್ಸಂಜೆಯಲ್ಲೂ ಚುರುಕಾಗುವ ಪ್ರಾಣಿ. ಮೊದಲು ನಾಲ್ಕೂವರೆಗೇ ನನ್ನ ಮುಖದ ಮೇಲೆ ಪಂಜ ಇಡುತ್ತಿತ್ತು, ನಾನು ಎದ್ದು ಊಟ ಹಾಕುತ್ತಿದ್ದೆ. ಎದ್ದರೆ ಊಟ ಎಂದು ಕಲಿಸಿದವಳು ನಾನೇ. ಈಗ ರಾತ್ರಿ ಹನ್ನೊಂದಕ್ಕೆ ಅವರು ಬಂದು ಸ್ನಾನ ಮುಗಿಸಿ, ಕೋಲಿಗೆ ಕಟ್ಟಿದ ಬಟ್ಟೆಚೂರನ್ನು ಕಾಲು ಗಂಟೆ ಓಡಿಸುತ್ತಾರೆ. ಕೊನೆಗೆ ಅದನ್ನು ಹಿಡಿಯಲು ಬಿಡುತ್ತಾರೆ, ತಕ್ಷಣ ಊಟ. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ: ಬೆಕ್ಕಿನ ಕ್ರಮ ಇದೇ. ಬೆಳಿಗ್ಗೆ ಐದೂವರೆಗೆ ಮೊದಲು ಏನು ಮಾಡಿದರೂ ನಾವು ಕದಲುವುದಿಲ್ಲ. ಎರಡು ವಾರ ಹಿಂಸೆಯಾಯಿತು, ಆಮೇಲೆ ಸರಿಹೋಯಿತು. ಇಬ್ಬರಲ್ಲಿ ಒಬ್ಬರು ಕರಗಿದರೂ ಎರಡು ವಾರದ ಶ್ರಮ ಹೋದಂತೆ. ಪಾಳಿಯ ಸಂಸಾರದಲ್ಲಿ ನಾವಿಬ್ಬರೂ ಎಚ್ಚರವಾಗಿ ಒಟ್ಟಿಗಿರುವುದು ಆ ಅರ್ಧ ಗಂಟೆಯೇ. ನಾನು ಮಂಚದ ಮೇಲೆ ಕೂತು ನೋಡುತ್ತಿರುತ್ತೇನೆ, ಆ ದಿನದ ಮಾತೆಲ್ಲ ಆಗಲೇ ಆಗುತ್ತದೆ.

ಲಸಿಕೆಯನ್ನು ಮರಿಗೆ ಆರರಿಂದ ಎಂಟು ವಾರವಾದಾಗ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಕೊಡಿಸಬೇಕು. ಹನ್ನೆರಡು ವಾರ ದಾಟಿದ ಮೇಲೆ ರೇಬೀಸ್ ಲಸಿಕೆ. ಮುಂದಿನವನ್ನು ವೈದ್ಯರ ಚೀಟಿಯಂತೆ ಕೊಡಿಸಿ. ಐದಾರು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ. ಒಂದು ಸಲವಾದರೂ ಮರಿ ಹಾಕಲಿ ಎನ್ನುವವರಿದ್ದಾರೆ. ಆ ಮರಿಗಳು ಎಲ್ಲಿಗೆ ಹೋಗುತ್ತವೆ ಎಂದು ಅವರನ್ನು ಕೇಳಿ. ಜೀರಿಗೆ ಶೆಡ್ಡಿನಲ್ಲಿ ಸಿಕ್ಕಿದಾಗ ಪಕ್ಕದಲ್ಲಿ ಅದರ ಇಬ್ಬರು ಒಡಹುಟ್ಟಿದವರು ಸತ್ತು ಬಿದ್ದಿದ್ದರು.

ಈಗ ನನ್ನ ಮನಸ್ಸಿನಲ್ಲಿರುವ ವಿಷಯ. ನನಗೆ ಆರು ತಿಂಗಳು. ಸುದ್ದಿ ತಿಳಿದ ವಾರದಲ್ಲೇ ಅಮ್ಮ, ಅತ್ತೆ, ಪಕ್ಕದ ಮನೆಯವರು, ಶಾಲೆಯ ಸಹೋದ್ಯೋಗಿಗಳು ಎಲ್ಲರೂ ಹೇಳಿದ್ದು ಒಂದೇ: ಬಸುರಿ ಇರುವ ಮನೆಯಲ್ಲಿ ಬೆಕ್ಕು ಬೇಡ, ಎಲ್ಲಾದರೂ ಬಿಟ್ಟುಬನ್ನಿ. ಅವರ ಭಯಕ್ಕೆ ಕಾರಣ ಇಲ್ಲದಿಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದ ಮೂಲಕ ಹರಡಬಲ್ಲದು; ಬಸುರಿಯಲ್ಲಿ ಮೊದಲ ಸಲ ಸೋಂಕಾದರೆ ಮಗುವಿಗೆ ಅಪಾಯವಿದೆ. ಆದರೆ ಪೂರ್ತಿ ತಿಳಿದುಕೊಳ್ಳಿ. ಹೊಸದಾಗಿ ಹೊರಬಿದ್ದ ಮಲದಿಂದ ಸೋಂಕು ತಗುಲುವುದಿಲ್ಲ, ಅದು ಸೋಂಕುಕಾರಕವಾಗಲು ಒಂದರಿಂದ ಐದು ದಿನ ಬೇಕು. ಪ್ರತಿದಿನ ಟ್ರೇ ಸ್ವಚ್ಛ ಮಾಡಬೇಕೆನ್ನುವುದು ಅದಕ್ಕೇ. ಹಸಿ ಮಾಂಸ ತಿನ್ನದ, ಇಲಿ ಹಿಡಿಯದ, ಹೊರಗೆ ಹೋಗದ ಬೆಕ್ಕಿಗೆ ಆ ಸೋಂಕು ತಗುಲುವ ಸಂಭವವೇ ಕಡಿಮೆ. ಮನುಷ್ಯರಿಗೆ ಅದು ಸರಿಯಾಗಿ ಬೇಯದ ಮಾಂಸದಿಂದ, ತೊಳೆಯದ ಸೊಪ್ಪು ತರಕಾರಿಯಿಂದ, ತೋಟದ ಮಣ್ಣಿನಿಂದಲೂ ಬರುತ್ತದೆ.

ನಾನು ಮಾಡಿದ್ದು ಇಷ್ಟು. ಮೊದಲ ಭೇಟಿಯಲ್ಲೇ ಸ್ತ್ರೀರೋಗ ತಜ್ಞೆಗೆ ಮನೆಯಲ್ಲಿ ಬೆಕ್ಕಿದೆ ಎಂದು ಹೇಳಿ, ಅವರ ಸಲಹೆಯಂತೆ ರಕ್ತಪರೀಕ್ಷೆ ಮಾಡಿಸಿಕೊಂಡೆ. ಲಿಟರ್ ಟ್ರೇ ಹತ್ತಿರ ಹೋಗುವುದನ್ನು ನಿಲ್ಲಿಸಿದೆ. ಅದು ಮೊದಲಿಂದಲೂ ನನ್ನ ಗಂಡನ ಪಾಲಾಗಿದ್ದದ್ದು ಅನುಕೂಲವಾಯಿತು. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಕೈಗವಸು ಹಾಕಿ ಎತ್ತಿ, ಸೋಪಿನಿಂದ ಕೈ ತೊಳೆಯಬೇಕು. ತುಳಸಿ ಕುಂಡದ ಮಣ್ಣು ಕೆದಕುವಾಗಲೂ ಕೈಗವಸು. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುತ್ತೇನೆ. ಈ ತಿಂಗಳುಗಳಲ್ಲಿ ಬೀದಿಯ ಹೊಸ ಮರಿ ಮನೆಗೆ ಬೇಡ ಎಂದು ನನ್ನ ಗಂಡನಿಂದ ಮಾತು ತೆಗೆದುಕೊಂಡಿದ್ದೇನೆ. ಬೆಕ್ಕನ್ನು ಬಿಟ್ಟುಬಿಡಿ ಎಂದು ನಮ್ಮ ವೈದ್ಯರು ಹೇಳಲಿಲ್ಲ. ಆ ಮಾತನ್ನು ವೈದ್ಯರ ಬಾಯಿಂದಲೇ ಅತ್ತೆ ಕೇಳಲಿ ಎಂದು ಮುಂದಿನ ಭೇಟಿಗೆ ಜೊತೆಯಲ್ಲೇ ಕರೆದುಕೊಂಡು ಹೋದೆವು. ನೀವೂ ಹಾಗೇ ಮಾಡಿ. ಮಗಳೋ ಸೊಸೆಯೋ ಹೇಳಿದರೆ ವಾದವಾಗುತ್ತದೆ, ವೈದ್ಯರು ಹೇಳಿದರೆ ಸಲಹೆಯಾಗುತ್ತದೆ. ಅತ್ತೆ ಈಗಲೂ ಜೀರಿಗೆಯನ್ನು ಮುಟ್ಟುವುದಿಲ್ಲ, ಆದರೆ ಬರುವಾಗ ಬಂಗುಡೆ ತರುತ್ತಾರೆ.

ಎಂಟನೆಯ ತಿಂಗಳಿಗೆ ನಾನು ತವರಿಗೆ ಹೋಗಬೇಕು, ಬಾಣಂತನ ಅಲ್ಲೇ. ಆರೇಳು ತಿಂಗಳು ಜೀರಿಗೆ ನನ್ನ ಗಂಡನ ಜೊತೆ ಮೈಸೂರಿನಲ್ಲೇ ಇರುತ್ತದೆ. ಬೆಕ್ಕಿಗೆ ಮನುಷ್ಯರಷ್ಟೇ ಜಾಗವೂ ಮುಖ್ಯ. ಅದಕ್ಕಾಗಿ ಈಗಿನಿಂದಲೇ ಹೊಸ ಹಾಳೆ ಬರೆದಿದ್ದೇವೆ. ಎಡಗಡೆ ನನ್ನ ಹೆಸರಿದ್ದಲ್ಲಿ ಕೆಳಮನೆಯ ಆಂಟಿಯ ಹೆಸರು. ಸಂಜೆ ಆರಕ್ಕೆ ಬಂದು ನೀರು ಬದಲಿಸಿ, ಹತ್ತು ನಿಮಿಷ ಕೂತು ಹೋಗಲು ಒಪ್ಪಿದ್ದಾರೆ. ಹೋದ ವಾರದಿಂದ ನಾನು ಮನೆಯಲ್ಲಿರುವಾಗಲೇ ಬಂದು ಅಭ್ಯಾಸ ಮಾಡಿಸುತ್ತಿದ್ದಾರೆ. ಹಾಳೆಯಲ್ಲಿ ಪಶುವೈದ್ಯರ ಫೋನ್ ನಂಬರ್ ಇದೆ, ಅಡಗುವ ಮೂರು ಜಾಗಗಳಿವೆ, ಒಂದು ದಿನ ಪೂರ್ತಿ ಊಟ ಬಿಟ್ಟರೆ ಕೂಡಲೇ ಫೋನ್ ಮಾಡಿ ಎಂದಿದೆ. ಊಟ ಬಿಟ್ಟ ಬೆಕ್ಕಿನ ಯಕೃತ್ತು ಕೆಲವೇ ದಿನಗಳಲ್ಲಿ ಕೆಡುತ್ತದೆ. ತೊಟ್ಟಿಲು ತರುವುದಾದರೆ ಮೊದಲೇ ತಂದು, ಅದರೊಳಗೆ ಬೆಕ್ಕು ಮಲಗಲು ಬಿಡದೆ ರೂಢಿ ಮಾಡಿಸಬೇಕೆಂದೂ ಬರೆದಿದೆ. ಮಗು ಹುಟ್ಟಿದ ಮೇಲೆ ನನ್ನ ಗಂಡ ನೋಡಲು ಬಂದಾಗ, ಮಗುವಿಗೆ ಸುತ್ತಿದ ಒಂದು ಬಟ್ಟೆಯನ್ನು ಒಗೆಯದೆ ಅವರ ಕೈಯಲ್ಲಿ ಕೊಟ್ಟುಕಳುಹಿಸುತ್ತೇನೆ. ಅದನ್ನು ಜೀರಿಗೆ ಮಲಗುವ ಜಾಗದ ಹತ್ತಿರ ಹಾಸಿ, ಮೂಸಿ ನೋಡಲು ಬಿಡುವುದು ಬಲಗಡೆಯ ಕೊನೆಯ ಸಾಲು, ಅವರ ಪಾಲು.