ಬ್ಯಾಟರಿ ದೀಪ ಹತ್ತಿ ಆರುತ್ತಿದ್ದರೆ

ಮಳೆಗಾಲದಾಗ ಪುಣೆಯ ಕಾತ್ರಜ್ ಘಾಟ್ ದಾಟಿ ನನ್ನ ಅಂಗಡಿಗೆ ಬರೋ ವಿಜಯಪುರದ ಡ್ರೈವರ್‌ಗಳದು ಒಂದೇ ಮಾತು: "ಅಣ್ಣಾ, ಬ್ಯಾಟರಿ ದೀಪ ಹತ್ತತೈತಿ, ಆರತೈತಿ." ಅಷ್ಟೊತ್ತಿಗೆ ಹೊಸ ಬ್ಯಾಟರಿ ಕೊಂಡಾಗಿರುತ್ತದೆ. ದುಡ್ಡು ದಂಡ. ಆ ದೀಪ ಹೇಳೋದು ಚಾರ್ಜಿಂಗ್ ಸರಿಯಿಲ್ಲ ಅಂತ.

ಎಂಜಿನ್ ಆಫ್ ಮಾಡಿ, ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೋ ಜನರೇಟರ್) ತಿರುಗಿಸೋ ಬೆಲ್ಟ್ ನೋಡಿ. ಬಿರುಕು ಬಿಟ್ಟಿದ್ದರೆ, ಸಡಿಲಾಗಿದ್ದರೆ ನೀರು ತಾಗಿದ ಕೂಡಲೇ ಜಾರುತ್ತದೆ; ಸ್ಟಾರ್ಟ್ ಮಾಡಿದಾಗ ಕಿರ್ರ್ ಅನ್ನುತ್ತದೆ.

ಆಮೇಲೆ ವೋಲ್ಟ್ ಅಳೆಯೋ ಮಲ್ಟಿಮೀಟರ್. ಬ್ಯಾಟರಿಯಲ್ಲಿ ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.5 ಇರಬೇಕು. (ಕೆಲವು ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಇದನ್ನು ಏರಿಳಿಸುತ್ತದೆ.) ಎಂಜಿನ್ ಓಡುವಾಗಲೇ ಹೆಡ್‌ಲೈಟ್, ಎಸಿ ಹಾಕಿ, ಮೀಟರ್ ಮೇಲೆ ಕಣ್ಣಿಟ್ಟು ಆಲ್ಟರ್ನೇಟರ್ ಹಿಂದಿನ ಕನೆಕ್ಟರ್ ವೈರನ್ನು ಮೆಲ್ಲಗೆ ಅಲ್ಲಾಡಿಸಿ. ಅಂಗಿ ತೋಳು ಬೆಲ್ಟಿನಿಂದ ದೂರ ಇರಲಿ! ಅಂಕಿ ಕುಣಿದರೆ ಕಳ್ಳ ಸಿಕ್ಕ: ಆ ಕನೆಕ್ಟರೇ ಸಡಿಲ. ಕುಣಿಯದಿದ್ದರೆ ಅರ್ತಿಂಗ್ (ಬ್ಯಾಟರಿ ನೆಗೆಟಿವ್ ಅನ್ನು ಎಂಜಿನ್, ಬಾಡಿಗೆ ಸೇರಿಸೋ ಪಟ್ಟಿ) ನೋಡಿ: ಬ್ಯಾಟರಿ ನೆಗೆಟಿವ್‌ನಿಂದ ಆಲ್ಟರ್ನೇಟರ್ ಬಾಡಿಗೆ 0.2 ವೋಲ್ಟ್ ದಾಟಿದರೆ ಗಾಡಿ ಆಫ್ ಮಾಡಿ, ಪಟ್ಟಿ ಬಿಚ್ಚಿ, ಹೊಳೆಯುವಂತೆ ಉಜ್ಜಿ.

ಎಂಜಿನ್ ಬಿಸಿಯಾದ ಮೇಲಷ್ಟೇ ದೀಪ ಬಂದರೆ ನನಗೆ ಆಲ್ಟರ್ನೇಟರ್ ಒಳಗಿನ ಬ್ರಷ್ ಅಥವಾ ವೋಲ್ಟ್ ಹಿಡಿತದಲ್ಲಿಡೋ ರೆಗ್ಯುಲೇಟರ್ ಮೇಲೇ ಅನುಮಾನ. ಗಾಡಿ ಓಡುವಾಗ ಬ್ಯಾಟರಿ ವೈರ್ ಕಿತ್ತು ನೋಡೋ ಹಳೇ ಚಟ ಮಾತ್ರ ಬೇಡ, ಇಸಿಎಂ (ಎಂಜಿನ್ ಕಂಪ್ಯೂಟರ್) ಸುಟ್ಟೀತು.