ಕಾರ್ಡಿನ ಮೇಲೆ ಒಂದು ಪದ ಜಾಸ್ತಿ: ಟೆಕ್ಸಸ್‌ನಲ್ಲಿ ಹೋಮ್ ಹೆಲ್ತ್ ಲೈಸೆನ್ಸ್ ಮಾಡಿಸಿದ ನನ್ನ ಅನುಭವ

2018ರಲ್ಲಿ ಮಾಡಿಸಿದ ವಿಸಿಟಿಂಗ್ ಕಾರ್ಡ್‌ಗಳು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿವೆ. ಒಟ್ಟು ಐನೂರು. ಹಂಚಿದ್ದು ಹತ್ತೋ ಹನ್ನೆರಡೋ. ಹೆಸರಿನ ಕೆಳಗೆ ಅಚ್ಚುಕಟ್ಟಾಗಿ ‘ಹೋಮ್ ಕೇರ್, ಹಾಸ್ಪಿಸ್, ಹಿರಿಯರ ಆರೈಕೆ’ ಅಂತ ಹಾಕಿಸಿದ್ದೆ. ಹಾಸ್ಪಿಸ್ ಅಂದರೆ ಬದುಕಿನ ಕೊನೆಯ ತಿಂಗಳುಗಳಲ್ಲಿರುವ ರೋಗಿಗೆ, ರೋಗ ವಾಸಿ ಮಾಡುವ ಬದಲು ನೋವು ಇಳಿಸಿ ನೆಮ್ಮದಿ ಕೊಡುವ ಆರೈಕೆ. ಜೊತೆಗೆ ಕೆಲಸ ಮಾಡಿದ್ದ ಹಿರಿಯ ನರ್ಸ್ ಒಬ್ಬರು ಅದನ್ನು ನೋಡಿ, ಬೆರಳಿಂದ ಮಧ್ಯದ ಪದವನ್ನು ಮುಚ್ಚಿ, “ಇದನ್ನ ಇನ್ಯಾರಿಗೂ ಕೊಡಬೇಡ” ಎಂದರು. ಟೆಕ್ಸಸ್ ಕಾನೂನಿನಲ್ಲಿ, ಹಾಸ್ಪಿಸ್ ಲೈಸೆನ್ಸ್ ಇಲ್ಲದವರು ಸಂಸ್ಥೆಯ ಹೆಸರಿನಲ್ಲಾಗಲಿ, ಸೇವೆಯ ವಿವರದಲ್ಲಾಗಲಿ ಆ ಪದವನ್ನೇ ಬಳಸುವ ಹಾಗಿಲ್ಲ. ಎರಡು ವರ್ಷ ಹಾಸ್ಪಿಸ್‌ನಲ್ಲಿ ದುಡಿದವಳಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ. ಸಂಬಳಕ್ಕೆ ಕೆಲಸ ಮಾಡುವಾಗ ಗೋಡೆ ಮೇಲಿನ ಲೈಸೆನ್ಸ್‌ನಲ್ಲಿ ಏನು ಬರೆದಿದೆ ಅಂತ ಯಾರು ಓದ್ತಾರೆ?

ನಾನು ಹಾಸನದವಳು. ಮೈಸೂರಿನಲ್ಲಿ ನರ್ಸಿಂಗ್ ಓದಿ, ಮದುವೆಯಾಗಿ ಡಲ್ಲಾಸ್ ಕಡೆ ಬಂದು, ಇಲ್ಲಿನ ನರ್ಸಿಂಗ್ ಪರೀಕ್ಷೆ ಪಾಸು ಮಾಡಿ ಆಸ್ಪತ್ರೆ ಸೇರಿದೆ. ಏಜೆನ್ಸಿ ಮಾಡುವ ಯೋಚನೆ ಮೊದಲಿಗೆ ಇರಲೇ ಇಲ್ಲ. ಫ್ರಿಸ್ಕೋದಲ್ಲಿ ಒಬ್ಬರು ಕನ್ನಡದ ಅಂಕಲ್‌ಗೆ ಕಾಲಿನ ಗಾಯ ವಾಸಿಯಾಗುತ್ತಿರಲಿಲ್ಲ. ಡಾಕ್ಟರ್ ಆರ್ಡರ್ ಬರೆದುಕೊಟ್ಟರು, ನಾನು ರಜೆಯ ದಿನ ಹೋಗಿ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಆಮೇಲೆ ಎರಡನೇ ಮನೆ, ಮೂರನೇ ಮನೆ. ನಾನೊಬ್ಬಳೇ ಹೋಗುವಷ್ಟು ದಿನ ತೊಂದರೆ ಇರಲಿಲ್ಲ. ಸ್ವಂತವಾಗಿ, ಒಬ್ಬಳೇ ಕೆಲಸ ಮಾಡುವ ನರ್ಸ್‌ಗೆ ಏಜೆನ್ಸಿ ಲೈಸೆನ್ಸ್ ಬೇಡ ಅಂತ ಕಾನೂನೇ ಹೇಳುತ್ತದೆ. ಅದಕ್ಕೆ ‘ಸೋಲ್ ಪ್ರಾಕ್ಟೀಷನರ್’ ಅನ್ನುತ್ತಾರೆ. ಆದರೆ ಒಂದು ವಾರ ನನಗೆ ಆಗದೆ, ಕೇರಳದ ಗೆಳತಿಯೊಬ್ಬಳನ್ನು ದುಡ್ಡು ಕೊಟ್ಟು ಕಳಿಸೋಣ ಅಂದುಕೊಂಡೆ ನೋಡಿ, ಅಲ್ಲಿಗೆ ಕಥೆ ಬದಲಾಯಿತು. ನಾನು ಹೋದರೆ ನರ್ಸ್. ಇನ್ನೊಬ್ಬಳನ್ನು ಕಳಿಸಿದರೆ ಏಜೆನ್ಸಿ.

ಆ ಏಜೆನ್ಸಿಗೆ ಇಲ್ಲಿನ ಸರ್ಕಾರ ಇಟ್ಟಿರುವ ಹೆಸರು ‘ಹೋಮ್ ಆಂಡ್ ಕಮ್ಯುನಿಟಿ ಸಪೋರ್ಟ್ ಸರ್ವೀಸಸ್ ಏಜೆನ್ಸಿ’. ಬಾಯಿಗೆ ಸಿಗುವ ಹೆಸರೇ ಅಲ್ಲ. ಟೆಕ್ಸಸ್ ಹೆಲ್ತ್ ಆಂಡ್ ಸೇಫ್ಟಿ ಕೋಡ್‌ನ 142ನೇ ಅಧ್ಯಾಯ ಇದರ ಮೂಲ ಕಾನೂನು. ದಿನನಿತ್ಯದ ನಿಯಮಗಳು ಬೇರೆ ಪುಸ್ತಕದಲ್ಲಿವೆ. ನಾನು ಅವನ್ನು ಪ್ರಿಂಟ್ ಹಾಕಿ, ಬಣ್ಣಬಣ್ಣದ ಚೀಟಿ ಅಂಟಿಸಿ ಓದಿದಾಗ ಅದು 97ನೇ ಅಧ್ಯಾಯವಾಗಿತ್ತು. 2019ರಲ್ಲಿ ಅದನ್ನೇ 558 ಮಾಡಿದರು. ನಿಯಮ ಹೆಚ್ಚುಕಡಿಮೆ ಅದೇ, ನಂಬರ್ ಬೇರೆ. ನನ್ನ ಪಾಲಿಸಿ ಪುಸ್ತಕದಲ್ಲಿ (ಏಜೆನ್ಸಿಯನ್ನು ಹೇಗೆ ನಡೆಸುತ್ತೇವೆ ಅಂತ ನಾವೇ ಬರೆದಿಡುವ ಪುಸ್ತಕ) ಇದ್ದಬದ್ದ 97ನ್ನೆಲ್ಲ ಹುಡುಕಿ ತಿದ್ದಲು ಎರಡು ಶನಿವಾರ ಹೋದವು.

ಅರ್ಜಿಯಲ್ಲಿ ನಾಲ್ಕು ವರ್ಗಗಳಿವೆ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಭಾಷೆಯಲ್ಲಿ ಇದಕ್ಕೆಲ್ಲ ಒಂದೇ ಮಾತು: ಮನೆಗೆ ಬಂದು ನೋಡ್ಕೊಳ್ಳೋದು. ಇಲ್ಲಿ ಬಂದವರು ಯಾರು, ಏನು ಮಾಡಿದರು, ದುಡ್ಡು ಯಾರು ಕೊಟ್ಟರು ಎನ್ನುವುದರ ಮೇಲೆ ಪದ ಬದಲಾಗುತ್ತದೆ.

ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಊಟ ತಿನ್ನಿಸುವುದು, ಕೈಹಿಡಿದು ನಡೆಸುವುದು ‘ಪರ್ಸನಲ್ ಅಸಿಸ್ಟೆನ್ಸ್ ಸರ್ವೀಸಸ್’. ನಾವು ಪ್ಯಾಸ್ ಅನ್ನುತ್ತೇವೆ. ನರ್ಸ್, ಫಿಸಿಯೋಥೆರಪಿಸ್ಟ್ ಹೋಗಿ ಡಾಕ್ಟರ್ ಆರ್ಡರ್ ಪ್ರಕಾರ ಚಿಕಿತ್ಸೆ ಕೊಡುವುದು ‘ಲೈಸೆನ್ಸ್ಡ್ ಹೋಮ್ ಹೆಲ್ತ್’. ಅದೇ ಕೆಲಸವನ್ನು ಕೇಂದ್ರ ಸರ್ಕಾರ ಮುಖ್ಯವಾಗಿ ಹಿರಿಯರಿಗೆ ಕೊಡುವ ಮೆಡಿಕೇರ್ ವಿಮೆಯ ದುಡ್ಡಿನಲ್ಲಿ ಮಾಡಬೇಕಾದರೆ ‘ಲೈಸೆನ್ಸ್ಡ್ ಆಂಡ್ ಸರ್ಟಿಫೈಡ್’. ನಾಲ್ಕನೆಯದು ಹಾಸ್ಪಿಸ್. ಇಲ್ಲಿ ಲೈಸೆನ್ಸ್ ಮತ್ತು ಸರ್ಟಿಫಿಕೇಷನ್ ಎರಡು ಬೇರೆ ಬೇರೆ ಬಾಗಿಲು. ಲೈಸೆನ್ಸ್ ಕೊಡುವುದು ರಾಜ್ಯ, ಕೆಲಸ ಮಾಡಲು. ಸರ್ಟಿಫಿಕೇಷನ್ ಕೇಂದ್ರದ್ದು, ಮೆಡಿಕೇರ್‌ಗೆ ಬಿಲ್ ಕಳಿಸಲು. ‘ಲೈಸೆನ್ಸ್ ಬಂತು, ಇನ್ನು ಮೆಡಿಕೇರ್ ದುಡ್ಡು ಬರುತ್ತೆ’ ಅಂತ ಕಚೇರಿ ಬಾಡಿಗೆ ಹಿಡಿದು ಕೂತವರನ್ನು ನಾನೇ ನೋಡಿದ್ದೇನೆ.

‘ಪ್ಯಾಲಿಯೇಟಿವ್ ಕೇರ್’ ಅಂತ ಒಂದು ವರ್ಗ ಹುಡುಕಿದೆ. ಇಲ್ಲ. ಅದು ನೋವು, ಸಂಕಟ ಇಳಿಸುವ ಆರೈಕೆಯ ಹೆಸರು, ಲೈಸೆನ್ಸ್‌ನ ಹೆಸರಲ್ಲ.

ನಾನು ಪ್ಯಾಸ್ ಮತ್ತು ಲೈಸೆನ್ಸ್ಡ್ ಹೋಮ್ ಹೆಲ್ತ್ ಎರಡಕ್ಕೂ ಟಿಕ್ ಹಾಕಿದೆ. ಹಾಸ್ಪಿಸ್‌ಗೆ ಹಾಕಲಿಲ್ಲ, ಇವತ್ತಿಗೂ ಹಾಕಿಲ್ಲ. ಅರ್ಜಿ ಹೋಗುವುದು ರಾಜ್ಯದ ಹೆಲ್ತ್ ಆಂಡ್ ಹ್ಯೂಮನ್ ಸರ್ವೀಸಸ್ ಕಮಿಷನ್‌ಗೆ, ‘ಟುಲಿಪ್’ ಅನ್ನುವ ಆನ್‌ಲೈನ್ ಪೋರ್ಟಲ್ ಮೂಲಕ. ಹೆಸರು ಹೂವಿನದು, ಸ್ವಭಾವ ಕಳ್ಳಿಯದು. ಶುಲ್ಕ ಒಮ್ಮೆ ಕಟ್ಟಿದರೆ ವಾಪಸ್ ಬರುವುದಿಲ್ಲ.

ಅರ್ಜಿಯಲ್ಲಿ ಅಡ್ಮಿನಿಸ್ಟ್ರೇಟರ್, ಸೂಪರ್ವೈಸಿಂಗ್ ನರ್ಸ್ ಅಂತ ಎರಡು ಹುದ್ದೆ. ಎರಡೂ ನಾನೇ ಆಗಬಹುದಿತ್ತು. ಆದರೆ ಪ್ರತಿ ಹುದ್ದೆಗೂ ಒಬ್ಬ ಬದಲಿ ಬೇಕು. ಬದಲಿ ಅಡ್ಮಿನಿಸ್ಟ್ರೇಟರ್ ಅಂತ ಯಜಮಾನರ ಹೆಸರು ಬರೆದೆ. ಅವರು ಸಾಫ್ಟ್‌ವೇರ್‌ನಲ್ಲಿ ಮ್ಯಾನೇಜರ್. “ಇಪ್ಪತ್ತು ಜನರನ್ನ ಸಂಭಾಳಿಸ್ತೀನಿ, ಸಾಲದಾ?” ಎಂದರು. ಸಾಲದು. ಬದಲಿಗೂ ಅಸಲಿಯಷ್ಟೇ ಅರ್ಹತೆ ಇರಬೇಕು, ಅನುಭವ ಆರೋಗ್ಯ ಕ್ಷೇತ್ರದ್ದೇ ಆಗಿರಬೇಕು. ಕೊನೆಗೆ ಅದೇ ಕೇರಳದ ಗೆಳತಿ ಎರಡೂ ಕಡೆ ಬದಲಿಯಾಗಿ ಬಂದಳು. ಅಡ್ಮಿನಿಸ್ಟ್ರೇಟರ್ ಆಗುವವರು ಹುದ್ದೆಗೆ ಮೊದಲು 8 ಗಂಟೆ, ಮೊದಲ ವರ್ಷದೊಳಗೆ ಇನ್ನು 16 ಗಂಟೆ ತರಬೇತಿ ಮುಗಿಸಬೇಕು. ಅದರ ಸರ್ಟಿಫಿಕೇಟ್ ಫೈಲಿನಲ್ಲಿರಬೇಕು, ತಲೆಯಲ್ಲಿದ್ದರೆ ಸಾಲದು.

ಪಾಲಿಸಿ ಪುಸ್ತಕವನ್ನು ಅನೇಕರು ರೆಡಿಮೇಡ್ ಕೊಳ್ಳುತ್ತಾರೆ. ನಾನೂ ಕೊಂಡೆ. ಕೊಂಡದ್ದನ್ನು ಓದದೆ ಬಿಟ್ಟರೆ ಅದೇ ಕುತ್ತು. ಒಂದು ಪುಟದಲ್ಲಿ ‘ಪ್ರತಿ ವಾರ ಸಭೆ’ ಅಂತ ಇತ್ತು. ನಿಯಮ ಅಷ್ಟು ಕೇಳುವುದೇ ಇಲ್ಲ. ಆದರೆ ನಮ್ಮ ಪುಸ್ತಕದಲ್ಲಿದೆ ಅಂದಮೇಲೆ ತಪಾಸಣೆಗೆ ಬಂದವರು ‘ಎಲ್ಲಿ ಸಭೆಯ ಟಿಪ್ಪಣಿ?’ ಅನ್ನುತ್ತಾರೆ. ಸುಮ್ನೆ ಮೈಮೇಲೆ ಎಳೆದುಕೊಂಡ ಕೆಲಸ. ಕೂತು ಒಂದೊಂದೇ ಹೊಡೆದುಹಾಕಿದೆ.

ಲೈಸೆನ್ಸ್ ಬಂದಮೇಲೆ ಮೊದಲ ಸರ್ವೆ. ಊರಿಂದ ಫೋನ್ ಮಾಡಿದ ಅಪ್ಪನಿಗೆ “ಇನ್ನೇನು ಸರ್ವೆಯವರು ಬರ್ತಾರೆ” ಅಂದೆ. “ಯಾಕೆ, ಜಾಗದ್ದು ಏನಾದ್ರೂ ತಕರಾರಾ?” ಎಂದರು. ಅವರಿಗೆ ಸರ್ವೆ ಅಂದರೆ ಚೈನು ಹಿಡಿದು ಜಮೀನು ಅಳೆಯುವುದು. ಇಲ್ಲಿ ಅಳೆಯುವುದು ಫೈಲನ್ನು. ಅದಕ್ಕೂ ಮೊದಲು ಕನಿಷ್ಠ ಒಬ್ಬ ಕ್ಲೈಂಟ್‌ಗಾದರೂ ಸೇವೆ ಕೊಟ್ಟಿರಬೇಕು, ‘ನಾವು ತಯಾರಿದ್ದೇವೆ’ ಅಂತ ನಾವೇ ಬರೆದು ಕೇಳಬೇಕು. ಹೌದು, ಕ್ಲೈಂಟ್. ರಾಜ್ಯದ ಪುಸ್ತಕದಲ್ಲಿ ಕ್ಲೈಂಟ್, ಮೆಡಿಕೇರ್ ಪುಸ್ತಕದಲ್ಲಿ ಪೇಷೆಂಟ್. ಮಲಗಿರುವ ಮನುಷ್ಯ ಒಬ್ಬರೇ.

ಬಂದಾಕೆ ಮರ್ಯಾದಸ್ಥೆ. ಕಾಫಿ ಬೇಡ ಎಂದರು. ಮೂರು ಕ್ಲೈಂಟ್ ಫೈಲು, ಎಲ್ಲ ಕೆಲಸಗಾರರ ಫೈಲು ತೆಗೆದುಕೊಂಡು ಕೂತರು. ಒಂದು ಕಡೆ ಪೆನ್ನು ನಿಂತಿತು. ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಅಪರಾಧ ದಾಖಲೆಯ ಜೊತೆಗೆ ‘ಎಂಪ್ಲಾಯೀ ಮಿಸ್‌ಕಂಡಕ್ಟ್ ರಿಜಿಸ್ಟ್ರಿ’ ಮತ್ತು ನರ್ಸ್ ಏಡ್ (ನರ್ಸ್ ಸಹಾಯಕರು) ರಿಜಿಸ್ಟ್ರಿ ಹುಡುಕಬೇಕು. ವೃದ್ಧರಿಗೆ ಹೊಡೆದವರು, ಕದ್ದವರು, ಕೈಬಿಟ್ಟು ಹೋದವರ ಹೆಸರು ಅಲ್ಲಿರುತ್ತದೆ. ನಾನು ಹುಡುಕಿದ್ದೆ. ಪ್ರಿಂಟ್ ಕೂಡ ಇತ್ತು. ಆದರೆ ಒಬ್ಬಳ ಪ್ರಿಂಟ್‌ನ ತಾರೀಖು ಅವಳು ಕೆಲಸಕ್ಕೆ ಸೇರಿದ ಮರುದಿನದ್ದು. ಹೆಸರು ಲಿಸ್ಟ್‌ನಲ್ಲಿ ಇರಲಿಲ್ಲವಲ್ಲ ಅಂತ ನಾನು ಹೇಳಲು ಹೋದೆ. ಆಕೆ ತಲೆ ಎತ್ತಿ, “ಆ ಒಂದು ದಿನ ಅವಳು ಯಾರ ಮನೆಯಲ್ಲಿದ್ದಳು?” ಎಂದರು. ಉತ್ತರ ಇರಲಿಲ್ಲ. ಹಾಸಿಗೆ ಹಿಡಿದ ಒಬ್ಬ ಅಜ್ಜಿಯ ಮನೆಯಲ್ಲಿ, ಒಬ್ಬಳೇ ಇದ್ದಳು.

ಇಂಥ ತಪ್ಪಿಗೆ ‘ಡಿಫಿಷಿಯನ್ಸಿ’ ಅನ್ನುತ್ತಾರೆ. ಬರಹದಲ್ಲಿ ಬಂದ ಹತ್ತು ದಿನದೊಳಗೆ ‘ಪ್ಲಾನ್ ಆಫ್ ಕರೆಕ್ಷನ್’ ಕೊಡಬೇಕು. ಏನಾಯಿತು, ಹೇಗೆ ಸರಿಮಾಡುತ್ತೀರಿ, ಮತ್ತೆ ಆಗದಂತೆ ಯಾರು ನೋಡುತ್ತಾರೆ, ಯಾವ ತಾರೀಖಿನೊಳಗೆ. ಕ್ಷಮೆ ಕೇಳಿ ಉದ್ದ ಬರೆಯಬೇಡಿ. ನಾನು ಮೊದಲ ಸಲ ಎರಡು ಪುಟ ಬರೆದು, ಗೆಳತಿ ಬೈದಮೇಲೆ ಆರು ಸಾಲಿಗೆ ಇಳಿಸಿದೆ.

ನಮ್ಮವರ ಜೊತೆ ಪದಗಳ ತಾಪತ್ರಯ ಇನ್ನೊಂದು ಥರ. ಬೆಂಗಳೂರಿನಿಂದ ಬಂದವರು ಫೋನ್ ಮಾಡಿ “ಅಮ್ಮಂಗೆ ಒಬ್ಬ ಹೋಮ್ ನರ್ಸ್ ಬೇಕಿತ್ತು” ಅನ್ನುತ್ತಾರೆ. ಅಲ್ಲಿ ಹೋಮ್ ನರ್ಸ್ ಅಂದರೆ ಮನೆಯಲ್ಲೇ ಇದ್ದು ನೋಡಿಕೊಳ್ಳುವ ಆಯಾ. ಇಲ್ಲಿ ಲೈಸೆನ್ಸ್ ಇಲ್ಲದವರನ್ನು ನರ್ಸ್ ಅಂತ ಕರೆಯುವುದೇ ತಪ್ಪು. ಅವರಿಗೆ ಬೇಕಿರುವುದು ಪ್ಯಾಸ್ ಅಟೆಂಡೆಂಟ್. ಹತ್ತು ನಿಮಿಷ ಮಾತಾಡಿದ ಮೇಲೆ ಬರುವ ಎರಡನೇ ಪ್ರಶ್ನೆ, “ಮೆಡಿಕೇರ್ ಕೊಡುತ್ತಲ್ವಾ?” ವಿಸಿಟರ್ ವೀಸಾದಲ್ಲಿ ಬಂದ ತಂದೆತಾಯಿಗೆ ಮೆಡಿಕೇರ್ ಇಲ್ಲ. ಗ್ರೀನ್ ಕಾರ್ಡ್ ಇದ್ದರೂ, ಇಲ್ಲಿ ದುಡಿಯದವರು 65 ತುಂಬಿ, ಸತತ 5 ವರ್ಷ ವಾಸವಾಗಿದ್ದು, ಕಂತು ಕಟ್ಟಿ ಸೇರಬೇಕು. ಸೇರಿದರೂ ಬರೀ ಸ್ನಾನ, ಊಟಕ್ಕೆ ಮೆಡಿಕೇರ್ ಆಳು ಕೊಡುವುದಿಲ್ಲ. ನರ್ಸ್ ಅಥವಾ ಥೆರಪಿಸ್ಟ್ ಕೆಲಸದ ಅಗತ್ಯ ಇದ್ದರೆ ಮಾತ್ರ ಅದರ ಜೊತೆಗೆ ಏಡ್ ಬರುತ್ತಾಳೆ.

ಜೊತೆಗೆ ರೋಗಿ ‘ಹೋಮ್‌ಬೌಂಡ್’ ಆಗಿರಬೇಕು. ಅಂದರೆ ಮನೆ ಬಿಟ್ಟು ಹೊರಡುವುದೇ ದೊಡ್ಡ ಸಾಹಸ ಆಗಿರಬೇಕು. ಗೃಹಬಂಧನ ಅಲ್ಲ. ಈ ಪದ ಕೇಳಿ ಒಬ್ಬರು ತಾತ ನಾಲ್ಕು ತಿಂಗಳು ದೇವಸ್ಥಾನಕ್ಕೆ ಹೋಗಿರಲಿಲ್ಲ, ಹೋದರೆ ನರ್ಸ್ ಬರೋದು ನಿಲ್ಲುತ್ತೆ ಅಂತ. ನಿಯಮದಲ್ಲೇ ಇದೆ: ಪ್ರಾರ್ಥನೆ, ಪೂಜೆಗೆ ಹೋಗಬಹುದು, ಡಾಕ್ಟರ ಹತ್ತಿರ ಹೋಗಬಹುದು, ಅಪರೂಪಕ್ಕೆ ಸ್ವಲ್ಪ ಹೊತ್ತು ಬೇರೆ ಕಡೆಯೂ ಹೋಗಬಹುದು. ಮುಂದಿನ ಶನಿವಾರ ಮಗ ವೀಲ್‌ಚೇರಿನಲ್ಲಿ ಹನುಮಂತನ ಗುಡಿಗೆ ಕರೆದುಕೊಂಡು ಹೋದ.

2021ರ ಫೆಬ್ರವರಿಯ ಹಿಮಗಾಳಿ ನನ್ನ ಒಂದು ಅಹಂಕಾರವನ್ನು ಇಳಿಸಿತು. ಪ್ರತಿ ಏಜೆನ್ಸಿಗೂ ತುರ್ತು ಯೋಜನೆ ಬೇಕು, ಪ್ರತಿ ಕ್ಲೈಂಟ್‌ನ್ನೂ ಎಷ್ಟು ಅಪಾಯದಲ್ಲಿದ್ದಾರೆ ಅಂತ ವಿಂಗಡಿಸಿಟ್ಟಿರಬೇಕು ಅಂತ ನಿಯಮ. ಚಂಡಮಾರುತ ಇರುವುದು ಹ್ಯೂಸ್ಟನ್ ಕಡೆ, ನಮಗ್ಯಾಕೆ ಅಂತ ಗೊಣಗಿಕೊಂಡೇ ಆ ಪಟ್ಟಿ ಮಾಡಿದ್ದೆ. ಟೆಕ್ಸಸ್‌ನಲ್ಲಿ ಲಕ್ಷಾಂತರ ಮನೆಗಳ ಕರೆಂಟ್ ಹೋಯಿತು. ನಮ್ಮ ಮನೆಯದೂ ಹೋಯಿತು. ಕಾರಿನಲ್ಲಿ ಕೂತು ಫೋನ್ ಚಾರ್ಜ್ ಮಾಡುತ್ತಾ ಆ ಪಟ್ಟಿಯ ಮೇಲಿನಿಂದ ಕರೆ ಮಾಡುತ್ತಾ ಬಂದೆ. ಮೊದಲ ವರ್ಗದಲ್ಲಿ ಇಬ್ಬರು, ಇಬ್ಬರದ್ದೂ ಕರೆಂಟ್‌ನಲ್ಲಿ ಓಡುವ ಆಕ್ಸಿಜನ್ ಯಂತ್ರ. ಒಬ್ಬರ ಮನೆಯಲ್ಲಿ ಸಿಲಿಂಡರ್ ಇತ್ತು. ಇನ್ನೊಬ್ಬರನ್ನು ಮಗಳು ಆಸ್ಪತ್ರೆಗೆ ಸಾಗಿಸಿದಳು. ಪಟ್ಟಿ ಇಲ್ಲದಿದ್ದರೆ ನಾನು ಅಕ್ಷರಮಾಲೆಯ ಪ್ರಕಾರ ಫೋನ್ ಮಾಡುತ್ತಿದ್ದೆ. ಆಸ್ಪತ್ರೆಗೆ ಹೋದವರ ಹೆಸರು ಅದರಲ್ಲಿ ಕೊನೆಗೆ ಬರುತ್ತಿತ್ತು.

ಆಮೇಲೆ ಮೆಡಿಕೇರ್ ಸರ್ಟಿಫಿಕೇಷನ್‌ಗೆ ಕೈಹಾಕಿದೆ. 855ಎ ಅನ್ನುವ ಅರ್ಜಿ, ಅದಕ್ಕೆ ಮೊದಲ ಮೂರು ತಿಂಗಳ ಖರ್ಚಿನ ಹಣ ಕೈಯಲ್ಲಿದೆ ಅಂತ ದಾಖಲೆ. ನಂತರ ಕನಿಷ್ಠ 10 ರೋಗಿಗಳಿಗೆ ಸೇವೆ ಕೊಟ್ಟಿರಬೇಕು, ತಪಾಸಣೆಯ ಹೊತ್ತಿಗೆ ಅದರಲ್ಲಿ 7 ಜನ ಇನ್ನೂ ನಮ್ಮ ಕೈಯಲ್ಲಿರಬೇಕು. ಇವರಿಗೆ ಮಾಡಿದ ಕೆಲಸಕ್ಕೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ, ಯಾಕೆಂದರೆ ನೀವು ಇನ್ನೂ ಸರ್ಟಿಫೈಡ್ ಅಲ್ಲ. ಸಂಬಳ ಮಾತ್ರ ಕೊಡಲೇಬೇಕು. ಆ ತಿಂಗಳುಗಳಲ್ಲಿ ನನ್ನ ಬಳೆಯೊಂದನ್ನು ಬ್ಯಾಂಕಿನಲ್ಲಿ ಅಡವಿಟ್ಟಿರಲಿಲ್ಲ ಅಷ್ಟೇ, ಉಳಿದದ್ದೆಲ್ಲ ಹೋಗಿತ್ತು.

ಹಾಸ್ಪಿಸ್ ಯಾಕೆ ತೆಗೆದುಕೊಂಡಿಲ್ಲ ಅಂತ ಕೇಳುತ್ತಾರೆ. ಅಲ್ಲಿ ಕೆಲಸ ಮಾಡಿದ್ದರಿಂದಲೇ ತೆಗೆದುಕೊಂಡಿಲ್ಲ. ನರ್ಸ್, ಡಾಕ್ಟರ್, ಸೋಷಿಯಲ್ ವರ್ಕರ್, ಧೈರ್ಯ ಹೇಳುವ ಧರ್ಮಗುರು (ಚಾಪ್ಲೆನ್), ಇವರೆಲ್ಲ ಕೂಡಿ 15 ದಿನಕ್ಕೊಮ್ಮೆಯಾದರೂ ಪ್ರತಿ ರೋಗಿಯ ಯೋಜನೆ ನೋಡಬೇಕು. ರೋಗಿಗಳ ಆರೈಕೆಗೆ ಸಿಬ್ಬಂದಿ ಕೊಡುವ ಗಂಟೆಗಳ ಶೇ. 5ರಷ್ಟಾದರೂ ಸ್ವಯಂಸೇವಕರು ಕೊಡಬೇಕು. ರೋಗಿ ತೀರಿಕೊಂಡ ಮೇಲೂ ಒಂದು ವರ್ಷದವರೆಗೆ ಮನೆಯವರನ್ನು ವಿಚಾರಿಸಿಕೊಳ್ಳಬೇಕು. ಒಳ್ಳೆಯ ನಿಯಮಗಳೇ. ನನ್ನಂಥ ಹನ್ನೊಂದು ಜನರ ಅಂಗಡಿಗೆ ಹೆಚ್ಚಾಯಿತು.

ಆದರೆ ಪದ ಬಿಡಿಸಿ ಹೇಳುವ ಕೆಲಸ ಈಗಲೂ ನನಗೇ ಬರುತ್ತದೆ. ನಮ್ಮ ಅಜ್ಜಿಯರ ಕಿವಿಗೆ ಹಾಸ್ಪಿಸ್ ಅನ್ನುವುದು ಹಾಸ್ಪಿಟಲ್ ಅಂತಲೇ ಕೇಳುತ್ತದೆ. ಗೊತ್ತಾದ ಮಕ್ಕಳು “ಕೈಬಿಟ್ಟರಾ ಅಕ್ಕ?” ಅಂತ ಕೇಳುತ್ತಾರೆ. ರೋಗ ತನ್ನ ದಾರಿಯಲ್ಲೇ ಹೋದರೆ ಆರು ತಿಂಗಳು ಅಥವಾ ಕಡಿಮೆ ಅಂತ ಶುರುವಿನಲ್ಲಿ ಡಾಕ್ಟರುಗಳು ಬರೆದುಕೊಡುತ್ತಾರೆ, ನಿಜ. ಸೇವೆ ಸಿಗುವುದು ಮೊದಲು 90 ದಿನ, ಮತ್ತೆ 90, ಆಮೇಲೆ 60 60 ದಿನಗಳಂತೆ ಎಷ್ಟು ಸಲ ಬೇಕಾದರೂ, ಡಾಕ್ಟರ್ ಮತ್ತೆ ಮತ್ತೆ ಬರೆದುಕೊಟ್ಟರೆ. ಆರು ತಿಂಗಳ ದಿನ ಯಾರೂ ಬಂದು ಬಾಗಿಲು ಹಾಕುವುದಿಲ್ಲ.

ಹೋದ ಯುಗಾದಿಗೆ ಕನ್ನಡ ಸಂಘದ ಊಟದ ಸಾಲಿನಲ್ಲಿ ಒಬ್ಬರು ಫೋನ್ ತೆಗೆದು ಒಂದು ಕಾಗದದ ಫೋಟೋ ತೋರಿಸಿದರು. ಮಾವನ ಹಾಸ್ಪಿಸ್ ಪತ್ರ. ಅದರಲ್ಲಿ ‘ಲೈವ್ ಡಿಸ್ಚಾರ್ಜ್’ ಅಂತಿತ್ತು. “ಏನಿದು, ಜೀವಂತ ಡಿಸ್ಚಾರ್ಜ್ ಅಂದ್ರೆ? ಓದಿದಾಗಿಂದ ಅತ್ತೆಗೆ ನಿದ್ದೆ ಇಲ್ಲ.” ಸ್ಥಿತಿ ಸುಧಾರಿಸಿದೆ, ಸದ್ಯಕ್ಕೆ ಆರು ತಿಂಗಳ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೇ ಹಾಸ್ಪಿಸ್‌ನಿಂದ ಬಿಡುಗಡೆ ಮಾಡಿದ್ದಾರೆ, ಮುಂದೆ ಬೇಕಾದರೆ ಮತ್ತೆ ಸೇರಬಹುದು ಎಂದೆ. ಅವರು ಹೋಳಿಗೆ ತಟ್ಟೆಯನ್ನು ಅಲ್ಲೇ ಇಟ್ಟು, ಅತ್ತೆಗೆ ಫೋನ್ ಮಾಡಲು ಆಚೆ ಹೋದರು.